140 ಕೋಟಿ ಮಂದಿಯೊಳಗ 11 ಮಂದಿ ಸಿಗಂಗಿಲ್ಲೇನು?

2025ರ ಅಕ್ಟೋಬರ್ 14ರ ರಾತ್ರಿ. ಮಡಗಾಂವ್‌ನ ಫಾತೋರ್ಡಾ ಸ್ಟೇಡಿಯಂನಿಂದ ನಾವು ನಾಲ್ವರು ಹೊರಗೆ ಬಂದಾಗ ಯಾರ ಬಾಯಲ್ಲೂ ಮಾತಿರಲಿಲ್ಲ. ಭಾರತ ಫುಟ್‌ಬಾಲ್ ತಂಡ ಸಿಂಗಪುರದ ಎದುರು 1-2ರಿಂದ ಸೋತಿತ್ತು. 14ನೇ ನಿಮಿಷದಲ್ಲಿ ಛಾಂಗ್ಟೆ ಗೋಲು ಹೊಡೆದಾಗ ಎದ್ದು ಕುಣಿದಿದ್ದೆವು. ಇನ್ನೇನು ವಿರಾಮ ಬಂತು ಅನ್ನುವಾಗ ಅವರು ಸಮ ಮಾಡಿದರು. ವಿರಾಮ ಮುಗಿಸಿ ಬಂದು ಇನ್ನೊಂದು ಹೊಡೆದರು. ಅಲ್ಲಿಗೆ 2027ರ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತು.

ಹುಬ್ಬಳ್ಳಿಯವರಿಗೆ ಬೆಂಗಳೂರಿನ ಕಂಠೀರವಕ್ಕಿಂತ ಗೋವಾದ ಫಾತೋರ್ಡಾ ಹತ್ತಿರ. ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ನನ್ನ ನೀಲಿ ಜೆರ್ಸಿ ನೋಡಿದರು. "ಏನಾತೋ ತಮ್ಮಾ ಮ್ಯಾಚು?" ಸೋತ್ವಿ ಅಂದೆ. "ಯಾರ ಕೂಡ?" ಸಿಂಗಪುರದ ಕೂಡ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಲ್ಲೋ, ನೂರಾ ನಲವತ್ತು ಕೋಟಿ ಮಂದಿ ಅದೇವಿ. ಅದರೊಳಗ ಹನ್ನೊಂದು ಮಂದಿ ಸಿಗಂಗಿಲ್ಲೇನು?" ಅಂದವರೇ ಟವೆಲ್ ಮುಖಕ್ಕೆ ಹಾಕಿಕೊಂಡು ಘಾಟ್ ಬರುವ ಮೊದಲೇ ಗೊರಕೆ ಶುರು ಮಾಡಿದರು. ನನಗೆ ಹುಬ್ಬಳ್ಳಿ ತನಕ ಕಣ್ಣು ಹತ್ತಲಿಲ್ಲ.

ಈ ಪ್ರಶ್ನೆ ಹೊಸದೇನಲ್ಲ. ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುವಾಗ ಕೇಳಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ. ಫುಟ್‌ಬಾಲ್ ನೋಡುವವನು ಅಂತ ಗೊತ್ತಾದರೆ ಸಾಕು, ತಂಡದ ಸೋಲಿಗೆಲ್ಲ ನಾನೇ ಜವಾಬ್ದಾರ ಅನ್ನೋ ಥರ ಮೈಮೇಲೆ ಬರುತ್ತಾರೆ. ಇಷ್ಟು ದಿನ ಸುಮ್ನೆ ನಕ್ಕು ಜಾರಿಕೊಳ್ಳುತ್ತಿದ್ದೆ. ಆದರೆ ಪ್ರಶ್ನೆ ಒಳ್ಳೆಯದೇ. ಅದರೊಳಗಿನ ಲೆಕ್ಕ ಮಾತ್ರ ತಪ್ಪು.

ಮೊದಲು ಮಂದಿಯ ಲೆಕ್ಕ. ಜನ ಜಾಸ್ತಿ ಇದ್ದಲ್ಲಿ ಆಟಗಾರರೂ ಜಾಸ್ತಿ ಅನ್ನುವುದಾದರೆ ಕುರಸಾವ್ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಲೇಬಾರದಿತ್ತು. ಕೆರಿಬಿಯನ್ ಸಮುದ್ರದ ಆ ದ್ವೀಪದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ನಮ್ಮ ಗದಗ-ಬೆಟಗೇರಿಯಲ್ಲಿ 2011ರ ಜನಗಣತಿಯ ಹೊತ್ತಿಗೇ ಸುಮಾರು 1.72 ಲಕ್ಷ ಮಂದಿ ಇದ್ದರು. ಕೇಪ್ ವರ್ಡೆಯೂ ಅರ್ಹತೆ ಪಡೆಯಿತು. ಅಲ್ಲಿರುವವರು ಐದು ಲಕ್ಷದಷ್ಟು, ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಹೆಚ್ಚುಕಮ್ಮಿ ಅರ್ಧ. 2018ರಲ್ಲಿ ವಿಶ್ವಕಪ್ ಫೈನಲ್ ಆಡಿದ, 2022ರಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷಿಯಾದ್ದು ಸುಮಾರು 40 ಲಕ್ಷ. ಧಾರವಾಡ, ಗದಗ, ಹಾವೇರಿ ಈ ಮೂರು ಜಿಲ್ಲೆ ಕೂಡಿಸಿದರೆ 2011ರಲ್ಲೇ 45 ಲಕ್ಷ ದಾಟುತ್ತದೆ. ಹಾಗಾದರೆ ಕ್ರೊಯೇಷಿಯಾದ ಮೋಡ್ರಿಚ್‌ನಂಥ ಒಬ್ಬ ಆಟಗಾರ ಹಾವೇರಿಯಿಂದ ಯಾಕೆ ಬರಲಿಲ್ಲ?

ಈ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಉತ್ತರ ನಮ್ಮೂರಲ್ಲೇ ಸಿಗುತ್ತದೆ. ಇದೇ ಸೀಮೆಯಿಂದ ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಬಂದರು. ಒಂದೆರಡು ತಲೆಮಾರಿನೊಳಗೆ ಇಷ್ಟೊಂದು ದೊಡ್ಡ ಗಾಯಕರು. ಅದು ಜನಸಂಖ್ಯೆಯಿಂದ ಆಯಿತೇ? ನೀರಿನ ಗುಣ ಅನ್ನುವವರಿದ್ದಾರೆ. ನನಗೆ ನಂಬಿಕೆ ಇಲ್ಲ. ಕುಂದಗೋಳದಲ್ಲಿ ಗುರು ಸವಾಯಿ ಗಂಧರ್ವರು ಇದ್ದರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ ಅವರ ಹತ್ತಿರ ಪಾಠ ಹೇಳಿಸಿಕೊಂಡರು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ, ಕೈಯಲ್ಲಿ ಕಾಸಿಲ್ಲದ ಮಕ್ಕಳಿಗೂ ಊಟ, ವಸತಿ, ಸಂಗೀತ ಎಲ್ಲ ಸಿಕ್ಕಿತು. ನಾಟಕ ಕಂಪನಿಗಳು ಊರೂರು ತಿರುಗಿ ಹಾಡುವವರಿಗೆ ಕೆಲಸ ಕೊಟ್ಟವು. ರಾತ್ರಿಯಿಡೀ ಕೂತು ಕೇಳುವ ಮಂದಿ ಇದ್ದರು, ತಪ್ಪು ಸ್ವರ ಬಂದರೆ ಮುಖ ಕಿವುಚುವ ಮಂದಿಯೂ ಇದ್ದರು. ಚಿಕ್ಕ ವಯಸ್ಸಿಗೆ ಗುರು, ದಿನಾ ರಿಯಾಜ್, ಹಾಡಲು ಜಾಗ, ಕೇಳಲು ಕಿವಿ. ಇಷ್ಟೂ ಒಂದೇ ಕಡೆ ಕೂಡಿಬಂದಿತ್ತು.

ಫುಟ್‌ಬಾಲ್‌ಗೆ ಈ ನಾಲ್ಕರಲ್ಲಿ ನಮ್ಮಲ್ಲಿ ಯಾವುದಿದೆ ಹೇಳಿ.

ನನ್ನದೇ ಕಥೆ ಹೇಳುತ್ತೇನೆ. ಎಂಟನೇ ಇಯತ್ತೆಯಲ್ಲಿ ನಾನು ಶಾಲಾ ತಂಡದ ಲೆಫ್ಟ್ ಬ್ಯಾಕ್. ತಾಲೂಕು ಮಟ್ಟದ ಟೂರ್ನಿಗೆ ಮೂರು ವಾರ ತಯಾರಿ. ಪಿ.ಟಿ. ಮಾಸ್ತರರು ಕಬಡ್ಡಿ ಪಟು, ಫುಟ್‌ಬಾಲ್ ನಿಯಮಗಳನ್ನು ನಮ್ಮ ಜೊತೆಗೇ ಕಲಿತರು ಅನ್ನಬಹುದು. ಮೊದಲ ಮ್ಯಾಚಿನಲ್ಲಿ 0-1ರಿಂದ ಸೋತೆವು. ಆ ವರ್ಷದ ನನ್ನ ಫುಟ್‌ಬಾಲ್ 40 ನಿಮಿಷಕ್ಕೆ ಮುಗಿಯಿತು. ಒಂಬತ್ತನೇ ಇಯತ್ತೆಯಲ್ಲಿ ಇನ್ನೊಂದು ಮ್ಯಾಚು. ಹತ್ತಕ್ಕೆ ಬಂದಾಗ ಎಸ್ಸೆಸ್ಸೆಲ್ಸಿ ಅಂತ ಮನೆಯಲ್ಲಿ ಬೂಟನ್ನು ಅಟ್ಟದ ಮೇಲಿಟ್ಟರು. ನನ್ನ ಇಡೀ ಸ್ಪರ್ಧಾತ್ಮಕ ಜೀವನ ಎರಡು ಮ್ಯಾಚು, 80 ನಿಮಿಷ.

ನಮ್ಮ ಶಾಲಾ ಕ್ರೀಡಾಕೂಟಗಳು ನಡೆಯುವುದೇ ಹೀಗೆ. ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ನಾಕೌಟ್, ಸೋತರೆ ಮನೆಗೆ. ಲೆಕ್ಕ ಹಾಕಿ ನೋಡಿ. 16 ಶಾಲೆಗಳು ನಾಕೌಟ್ ಆಡಿದರೆ ಒಟ್ಟು ಆಗುವುದು 15 ಮ್ಯಾಚು. ಅದರಲ್ಲಿ ಎಂಟು ಶಾಲೆಗಳಿಗೆ ಸಿಗುವುದು ಒಂದೇ ಒಂದು. ಗೆದ್ದ ತಂಡಕ್ಕೂ ನಾಲ್ಕೇ. ಅದೇ 16 ಶಾಲೆಗಳು ಲೀಗ್ ಮಾದರಿಯಲ್ಲಿ ಎಲ್ಲರೂ ಎಲ್ಲರ ಮೇಲೆ ಆಡಿದರೆ 120 ಮ್ಯಾಚು, ಪ್ರತಿ ಹುಡುಗನಿಗೂ 15. ಮಕ್ಕಳೂ ಅವರೇ, ಮೈದಾನವೂ ಅದೇ. ನಾಕೌಟ್ ಅಗ್ಗ, ಎರಡು ದಿನದಲ್ಲಿ ಮುಗಿಯುತ್ತದೆ, ಫೋಟೊ ತೆಗೆಸಿ ಕಪ್ ಕೊಟ್ಟು ಕಳಿಸಬಹುದು. ಲೀಗ್‌ಗೆ ತಿಂಗಳುಗಟ್ಟಲೆ ಮೈದಾನ, ರೆಫ್ರಿ, ಬಸ್ ಖರ್ಚು ಬೇಕು. ಆದರೆ ಆಟ ಕಲಿಯುವುದು ಲೀಗ್‌ನಲ್ಲೇ. ಇವತ್ತು ಮಾಡಿದ ತಪ್ಪನ್ನು ಮುಂದಿನ ವಾರ ತಿದ್ದಿಕೊಳ್ಳಲು ಮುಂದಿನ ವಾರ ಮ್ಯಾಚಾದರೂ ಇರಬೇಕಲ್ವಾ? ಗರಡಿಗೆ ದಿನಾ ಹೋಗದೆ ಜಾತ್ರೆಯ ದಿನ ಮಾತ್ರ ಕಣಕ್ಕಿಳಿದವನನ್ನು ನಾವು ಪೈಲ್ವಾನ ಅನ್ನುವುದಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ದೇಶದೊಳಗೇ ಇದೆ. ಮಿಜೋರಾಂ. 2011ರಲ್ಲಿ ಆ ಇಡೀ ರಾಜ್ಯದ ಜನಸಂಖ್ಯೆ 11 ಲಕ್ಷ. ಧಾರವಾಡ ಜಿಲ್ಲೆಯದೇ 18 ಲಕ್ಷ ದಾಟಿತ್ತು. ಅಂಥ ಪುಟ್ಟ ರಾಜ್ಯ 2012ರಲ್ಲಿ ತನ್ನದೇ ಪ್ರೀಮಿಯರ್ ಲೀಗ್ ಶುರು ಮಾಡಿತು. ಐದು ವರ್ಷಕ್ಕೆ, 2017ರಲ್ಲಿ, ಐಜ್ವಾಲ್ ಎಫ್‌ಸಿ ಭಾರತದ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಭಾರತಕ್ಕೆ ಆಡಿದ ಜೇಜೆ, ಛಾಂಗ್ಟೆ ಇಬ್ಬರೂ ಅಲ್ಲಿಯವರೇ. ಪಕ್ಕದ ಮಣಿಪುರದ ಕಥೆ ಇನ್ನೂ ದೊಡ್ಡದು. ಭಾರತ ಅದೇ ವರ್ಷ 17 ವರ್ಷದೊಳಗಿನವರ ವಿಶ್ವಕಪ್ ನಡೆಸಿದಾಗ ನಮ್ಮ 21 ಹುಡುಗರಲ್ಲಿ ಎಂಟು ಮಂದಿ ಮಣಿಪುರದವರು. ಕೊಲಂಬಿಯಾ ಮೇಲೆ ಭಾರತದ ಮೊಟ್ಟಮೊದಲ ವಿಶ್ವಕಪ್ ಗೋಲು ಹೊಡೆದ ಜೀಕ್ಸನ್ ಸಿಂಗ್ ಕೂಡ ಅಲ್ಲಿಯವನೇ. ಅಂದರೆ 140 ಕೋಟಿ ಅನ್ನುವುದು ಸುಳ್ಳು ಸಂಖ್ಯೆ. ಭಾರತ ತಂಡ ನಿಜಕ್ಕೂ ಆಯ್ಕೆಯಾಗುವುದು ಈಶಾನ್ಯದ ಒಂದೆರಡು ರಾಜ್ಯ, ಗೋವಾ, ಬಂಗಾಳ, ಕೇರಳ, ಪಂಜಾಬ್ ಮತ್ತು ಅಲ್ಲೊಂದು ಇಲ್ಲೊಂದು ಊರಿನಿಂದ. ನಾವು ಉಳಿದವರು ಎಣಿಕೆಗಷ್ಟೇ.

ಹಿಂದೆ ಹೀಗಿರಲಿಲ್ಲ ಅನ್ನುತ್ತಾರೆ ಹಿರಿಯರು. ನಿಜವೇ. 1951 ಮತ್ತು 1962ರಲ್ಲಿ ಭಾರತಕ್ಕೆ ಏಷ್ಯನ್ ಗೇಮ್ಸ್ ಚಿನ್ನ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 1962ರಲ್ಲಿ ಜಪಾನನ್ನು 2-0ರಿಂದ, ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದ್ದೆವು. ನಮ್ಮ ರಾಜ್ಯದ ಪಾಲೂ ಅದರಲ್ಲಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಏಕೈಕ ಗೋಲು ಹೊಡೆದ ರಾಮನ್, ಬರಿಗಾಲಿನ ಮಾಂತ್ರಿಕ ಅಹ್ಮದ್ ಖಾನ್ ಇಬ್ಬರೂ ಬೆಂಗಳೂರಿನವರು. ಆದರೆ 1963ರಲ್ಲಿ ಕೋಚ್ ರಹೀಂ ಸಾಹೇಬರು ತೀರಿಕೊಂಡರು. ಅವರ ಬೆನ್ನಿಗೆ ಒಂದು ವ್ಯವಸ್ಥೆ ಇರಲಿಲ್ಲ, ಒಬ್ಬ ಮನುಷ್ಯ ಇದ್ದ ಅಷ್ಟೆ. ಕೊರಿಯಾ 1983ರಲ್ಲಿ, ಜಪಾನ್ 1993ರಲ್ಲಿ ವೃತ್ತಿಪರ ಲೀಗ್ ಶುರು ಮಾಡಿದವು. ಜಪಾನ್ ಐದೇ ವರ್ಷದಲ್ಲಿ ವಿಶ್ವಕಪ್‌ಗೆ ಹೋಯಿತು, ಆಮೇಲೆ ಒಂದನ್ನೂ ತಪ್ಪಿಸಿಲ್ಲ. ನಾವು ಕೆಟ್ಟೆವು ಅನ್ನುವುದಕ್ಕಿಂತ, ಎಲ್ಲರೂ ಓಡುತ್ತಿರುವಾಗ ನಿಂತುಬಿಟ್ಟೆವು.

ಇನ್ನು ರ‍್ಯಾಂಕಿಂಗ್. ಪೇಪರಿನಲ್ಲಿ "ಭಾರತ 142ಕ್ಕೆ ಕುಸಿತ" ಅಂತ ಬಂದ ದಿನ ನನ್ನ ಫೋನಿಗೆ ಪುರುಸೊತ್ತೇ ಇರಲಿಲ್ಲ. ಆದರೆ ಅದರ ಹಿಂದಿನ ಲೆಕ್ಕ ತುಂಬ ಮಂದಿಗೆ ಗೊತ್ತಿಲ್ಲ. 2018ರಿಂದ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಬಳಸುವುದು ಚೆಸ್ ಆಟಗಾರರ ಶ್ರೇಯಾಂಕದಂಥದೇ ವಿಧಾನ. ಎರಡು ತಂಡ ಆಡಿದಾಗ ಒಬ್ಬರು ಕಳೆದುಕೊಂಡ ಅಂಕ ಇನ್ನೊಬ್ಬರಿಗೆ ಹೋಗುತ್ತದೆ. ಎಷ್ಟು ಹೋಗಬೇಕು ಅನ್ನುವುದು ಎರಡು ವಿಷಯದ ಮೇಲಿದೆ. ಮ್ಯಾಚಿನ ತೂಕ ಒಂದು, ಎದುರಾಳಿಯ ಬಲ ಇನ್ನೊಂದು. ಮಾಮೂಲಿ ಸ್ನೇಹಪಂದ್ಯದ ತೂಕ 10, ಅರ್ಹತಾ ಪಂದ್ಯದ್ದು 25. ಸಮಬಲದ ತಂಡದ ಮೇಲೆ ಅರ್ಹತಾ ಪಂದ್ಯ ಗೆದ್ದರೆ ಹನ್ನೆರಡೂವರೆ ಅಂಕ ಸಿಗುತ್ತದೆ, ಸೋತರೆ ಅಷ್ಟೇ ಹೋಗುತ್ತದೆ. ನಮಗಿಂತ 200 ಅಂಕ ಕಡಿಮೆ ಇರುವ ತಂಡದ ಮೇಲೆ ಗೆದ್ದರೆ ಬರುವುದು ಸುಮಾರು 8 ಮಾತ್ರ. ಸೋತರೆ 17 ಕೈಬಿಡುತ್ತದೆ. ಡ್ರಾ ಆದರೂ ನಾಲ್ಕೂವರೆಯಷ್ಟು ನಷ್ಟ.

ಈಗ 2024ರ ಮಾರ್ಚ್ ನೆನಪಿಸಿಕೊಳ್ಳಿ. ಅಫ್ಘಾನಿಸ್ತಾನದ ಜೊತೆ ಮೊದಲು 0-0, ಆಮೇಲೆ ಗುವಾಹಟಿಯಲ್ಲಿ 1-2 ಸೋಲು. ಎರಡೂ ವಿಶ್ವಕಪ್ ಅರ್ಹತಾ ಪಂದ್ಯ, ಎರಡೂ ನಮಗಿಂತ ಕೆಳಗಿದ್ದ ತಂಡದ ಮೇಲೆ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಎದುರು 0-1. 22 ವರ್ಷದ ನಂತರ ಅವರ ಕೈಯಲ್ಲಿ ಸೋತದ್ದು. ದೊಡ್ಡವರ ಕೈಯಲ್ಲಿ ಸೋತಾಗ ಸ್ಥಾನ ಅಷ್ಟಾಗಿ ಜಾರುವುದಿಲ್ಲ, ಹೀಗೆ ಸೋತಾಗಲೇ ಜಾರುವುದು.

ಇದೆಲ್ಲ ಇಷ್ಟೊಂದು ಉರಿಯಲು ಕಾರಣ 2023. ಆ ವರ್ಷ ಆಸೆ ಹುಟ್ಟಿಸದೇ ಇದ್ದಿದ್ದರೆ ಇಷ್ಟು ನೋವು ಆಗುತ್ತಿರಲಿಲ್ಲ. ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷದ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು, ಅದೂ ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ಭಾರತ ತಂಡ ಇಂಫಾಲದಲ್ಲೊಂದು, ಭುವನೇಶ್ವರದಲ್ಲೊಂದು, ಬೆಂಗಳೂರಿನಲ್ಲೊಂದು, ಹೀಗೆ ಮೂರು ಕಪ್ ಎತ್ತಿತು. ಕಂಠೀರವದಲ್ಲಿ ಕುವೈತ್ ಮೇಲೆ ಪೆನಾಲ್ಟಿಯಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದ ರಾತ್ರಿ ನಮ್ಮ ಓಣಿಯಲ್ಲಿ ಪಟಾಕಿ ಹೊಡೆದದ್ದು ನಾವು ಮೂರೇ ಮಂದಿ. ಪಕ್ಕದ ಮನೆ ಅಕ್ಕ ಹೊರಗೆ ಬಂದು, "ಯಾರ್ದರ ಮದುವಿ ಐತೇನೋ?" ಅಂತ ಕೇಳಿದ್ದರು. ಜುಲೈಗೆ ರ‍್ಯಾಂಕ್ 99. ನವೆಂಬರ್‌ನಲ್ಲಿ ಕುವೈತ್‌ಗೇ ಹೋಗಿ ಅರ್ಹತಾ ಪಂದ್ಯ ಗೆದ್ದು ಬಂದರು. ಮೊದಲ ಸಲ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿತ್ತು. ಆಮೇಲೆ 2024ರ ಏಷ್ಯಾ ಕಪ್‌ನಲ್ಲಿ ಮೂರು ಮ್ಯಾಚು, ಮೂರೂ ಸೋಲು, ಒಂದೂ ಗೋಲಿಲ್ಲ. ಆ ಇಡೀ ವರ್ಷ ಒಂದು ಗೆಲುವೂ ಬರಲಿಲ್ಲ. ದೋಹಾದಲ್ಲಿ ಕತಾರ್ ಜೊತೆಗಿನ ಕೊನೆಯ ಅರ್ಹತಾ ಪಂದ್ಯದಲ್ಲಂತೂ ಗೆರೆ ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಎಳೆದು ಒಳಗೆ ಹೊಡೆದದ್ದನ್ನು ರೆಫ್ರಿ ಗೋಲು ಅಂದರು. ಅದನ್ನು ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಅಫ್ಘಾನಿಸ್ತಾನದ ಮೇಲೆ ಗೆದ್ದಿದ್ದರೆ ಆ ರೆಫ್ರಿಯ ಹಂಗು ನಮಗ್ಯಾಕೆ ಬೇಕಿತ್ತು?

ಗೋಲು ಯಾಕೆ ಬರುತ್ತಿಲ್ಲ ಅನ್ನುವುದಕ್ಕೆ ದೇಶದ ಮುಖ್ಯ ಲೀಗ್ ಆದ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನ ಅಂಕಿಗಳನ್ನೇ ನೋಡಬೇಕು. 2014ರಲ್ಲಿ ಲೀಗ್ ಶುರುವಾದಾಗ ಒಂದು ತಂಡದ ಹನ್ನೊಂದರಲ್ಲಿ ಆರು ಮಂದಿ ವಿದೇಶಿಯರು ಆಡಬಹುದಿತ್ತು. ಆಮೇಲೆ ಐದಾಯಿತು, 2021ರಿಂದ ನಾಲ್ಕು. ಕ್ಲಬ್ಬಿನವರು ದುಡ್ಡು ಕೊಟ್ಟು ವಿದೇಶಿಯರನ್ನು ತರುವುದು ಗೋಲು ಹೊಡೆಯಲು, ಆಟ ಕಟ್ಟಲು. ಹೀಗಾಗಿ ಮುಂದಿನ ಸಾಲಿನ ನಡುವಿನ ಜಾಗ ಅವರಿಗೆ, ಅಂಚಿನ ಜಾಗ ನಮ್ಮವರಿಗೆ. 2024-25ರ ತನಕ ಒಂದು ಸೀಸನ್ನಿನಲ್ಲೂ ಭಾರತೀಯನೊಬ್ಬ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವನಾಗಿಲ್ಲ. ಆ ಸೀಸನ್‌ನಲ್ಲಿ ನಮ್ಮವರ ಪೈಕಿ ಮುಂದಿದ್ದವರು 14 ಗೋಲಿನ ಸುನಿಲ್ ಛೆಟ್ರಿ. ವಯಸ್ಸು 40. 2024ರ ಜೂನ್‌ನಲ್ಲಿ ಕೋಲ್ಕತ್ತದ ತುಂಬಿದ ಸ್ಟೇಡಿಯಂನಲ್ಲಿ ಕಣ್ಣೀರು ಹಾಕಿಕೊಂಡು ನಿವೃತ್ತರಾದವರನ್ನು ಒಂದು ವರ್ಷದೊಳಗೆ ಮತ್ತೆ ಕರೆಯಬೇಕಾಯಿತು. ಬಂದವರೇ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಹೆಡರ್ ಹೊಡೆದು 95ನೇ ಗೋಲು ಮಾಡಿದರು. ನಾನು ಖುಷಿಯಿಂದ ಕೂಗಿದೆ. ಕೂಗಿದ ಮೇಲೆ ಒಂಥರಾ ಬೇಜಾರಾಯಿತು. ಮಗನಿಗೆ ಕೆಲಸ ಸಿಗದೆ ಅಪ್ಪ ಪಿಂಚಣಿ ಬಿಟ್ಟು ಮತ್ತೆ ಅಂಗಡಿಯಲ್ಲಿ ಕೂತಂತೆ.

ಕೋಚ್ ಬದಲಿಸಿದರೆ? ಬದಲಿಸಿ ಬದಲಿಸಿ ನೋಡಿದ್ದೇವೆ. ಸ್ಟಿಮಾಚ್ 2024ರಲ್ಲಿ ಹೋದರು. ಮನೋಲೊ ಮಾರ್ಕೆಸ್ ಎಂಟು ಮ್ಯಾಚಿನಲ್ಲಿ ಒಂದು ಗೆದ್ದು ಹೋದರು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು, ಐಜ್ವಾಲ್‌ಗೆ ಐ-ಲೀಗ್ ಗೆಲ್ಲಿಸಿಕೊಟ್ಟವರು ಅವರೇ. ಬಂದ ಹೊಸದರಲ್ಲಿ ಒಮಾನ್‌ನಂಥ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿದರು. ಮುಂದಿನದು ಫಾತೋರ್ಡಾ, ಢಾಕಾ. ಅಡುಗೆಯವರನ್ನು ಎಷ್ಟು ಸಲ ಬದಲಿಸಿದರೂ ಸಂತೆಯಿಂದ ಬರುವ ಕಾಯಿಪಲ್ಯೆ ಅದೇ.

ಆ ಸಂತೆಯೇ ನಿಂತುಹೋದ ವರ್ಷ ಅದು. 2010ರಲ್ಲಿ ಫುಟ್‌ಬಾಲ್ ಫೆಡರೇಷನ್ 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ತನ್ನ ವ್ಯಾಪಾರದ ಹಕ್ಕುಗಳನ್ನು ಒಂದು ಖಾಸಗಿ ಕೂಟಕ್ಕೆ ಕೊಟ್ಟಿತ್ತು. ಐಎಸ್‌ಎಲ್ ಹುಟ್ಟಿದ್ದು ಆ ಒಪ್ಪಂದದಿಂದ. 2025ರ ಡಿಸೆಂಬರ್‌ಗೆ ಅದರ ಅವಧಿ ಮುಗಿಯುವುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಆದರೆ ಫೆಡರೇಷನ್ನಿನ ಸಂವಿಧಾನದ ಕೇಸು ಸುಪ್ರೀಂ ಕೋರ್ಟಿನಲ್ಲಿತ್ತು, ಹೊಸ ಒಪ್ಪಂದ ಆಗಲಿಲ್ಲ, ಜುಲೈನಲ್ಲಿ ಲೀಗ್ ತಡೆಹಿಡಿದರು. ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರೇ, ಫೆಬ್ರವರಿಯಲ್ಲಿ ಲೀಗ್ ಶುರು ಅಂತ ಹೇಳಬೇಕಾಯಿತು. ಇಷ್ಟರ ನಡುವೆ, ಡಿಸೆಂಬರ್‌ನಲ್ಲಿ, ಮೆಸ್ಸಿ ಕೋಲ್ಕತ್ತಕ್ಕೆ ಬಂದರು. ಸಾವಿರಾರು ರೂಪಾಯಿಯ ಟಿಕೆಟ್ ಕೊಂಡವರಿಗೆ ಅವರ ಸುತ್ತ ಗುಂಪುಗಟ್ಟಿದ್ದವರ ಬೆನ್ನು ಮಾತ್ರ ಕಂಡಿತು, ಕುರ್ಚಿಗಳು ಮೈದಾನಕ್ಕೆ ಹಾರಿದವು. ದೇಶದಲ್ಲಿ ಲೀಗ್ ನಡೆಸಲು ಗಿರಾಕಿ ಇರಲಿಲ್ಲ, ಕೈ ಬೀಸಿ ಹೋಗುವವರನ್ನು ನೋಡಲು ಸ್ಟೇಡಿಯಂ ತುಂಬ ಮಂದಿ.

ವಿದೇಶದಲ್ಲಿ ಹುಟ್ಟಿದ ಭಾರತೀಯ ಮೂಲದವರನ್ನು ಆಡಿಸಿ ಅನ್ನುವ ಮಾತೂ ಇದೆ. ಕುರಸಾವ್ ಮಾಡಿದ್ದು ಅದನ್ನೇ, ಅವರ ಬಹುತೇಕ ಆಟಗಾರರು ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ. ನಮ್ಮಲ್ಲಿ ಇಬ್ಬಗೆಯ ಪೌರತ್ವ ಇಲ್ಲ, ದೇಶಕ್ಕೆ ಆಡಬೇಕೆಂದರೆ ಭಾರತದ ಪಾಸ್‌ಪೋರ್ಟೇ ಬೇಕು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟೇ ಭಾರತೀಯರಾದರು. ಅಂಥವರು ಬರಲಿ, ಒಳ್ಳೆಯದೇ. ಆದರೆ ಬಾವಿ ತೋಡುವುದನ್ನು ಬಿಟ್ಟು ಟ್ಯಾಂಕರ್ ಕಾಯುವವರ ಕಷ್ಟ ಹುಬ್ಬಳ್ಳಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ಮಹಿಳಾ ತಂಡದ ಸುದ್ದಿ ನಮ್ಮ ಕಡೆ ಜಾಸ್ತಿ ಜನಕ್ಕೆ ಮುಟ್ಟಲೇ ಇಲ್ಲ. 2025ರ ಜುಲೈನಲ್ಲಿ ಅವರು ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ, ಮೊದಲ ಬಾರಿ ಅರ್ಹತಾ ಸುತ್ತು ಗೆದ್ದು ಏಷ್ಯಾ ಕಪ್‌ಗೆ ಹೋದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅವತ್ತು ನಾನೂ ಪಟಾಕಿ ತಂದಿರಲಿಲ್ಲ. ತಪ್ಪು ನನ್ನದೇ.

ಬಸ್ಸಿನ ಹಿರಿಯರಿಗೆ ಇಷ್ಟೆಲ್ಲ ಹೇಳಲು ಆಗಲಿಲ್ಲ. ಆದರೆ ಅವತ್ತು ಫಾತೋರ್ಡಾಕ್ಕೆ ಹೋಗಿದ್ದ ನಾವು ನಾಲ್ವರು ಸೇರಿ ಈಗ ಒಂದು ಸಣ್ಣ ಕೆಲಸ ಶುರು ಮಾಡಿದ್ದೇವೆ. ನಮ್ಮ ಓಣಿಯ ಹಿಂದಿನ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ, 12 ವರ್ಷದೊಳಗಿನ ಹುಡುಗ ಹುಡುಗಿಯರ ನಾಲ್ಕು ತಂಡ. ಬಿದಿರು ಗಳದ ಗೋಲ್ ಪೋಸ್ಟ್. ಪ್ರತಿ ತಂಡ ಉಳಿದ ಮೂರರ ಮೇಲೂ ಎರಡೆರಡು ಸಲ ಆಡಬೇಕು, ಒಟ್ಟು 12 ಮ್ಯಾಚು. ಒಂದು ಮಗುವಿಗೆ ಆರು ಸಿಗುತ್ತವೆ, ನನ್ನ ಇಡೀ ಶಾಲಾ ಜೀವನದ ಮೂರು ಪಟ್ಟು. ಮೊದಲ ಭಾನುವಾರ ಸೋತ ತಂಡದ ಮಕ್ಕಳು ಆಟ ಮುಗಿದ ಕೂಡಲೇ ಚಪ್ಪಲಿ ಹಾಕಿಕೊಂಡು ಮನೆಗೆ ಹೊರಟವು. ಮುಂದಿನ ವಾರ ಬರ್ರಿ ಅಂದೆ.

"ಸೋತೇವಲ್ರೀ ಅಣ್ಣಾ?" ಅಂದ ಒಬ್ಬ.

ಸೋತರೂ ಮತ್ತೆ ಆಟ ಇರುತ್ತದೆ ಅಂತ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ.

"ಫೈನಲ್ ಯಾವಾಗ್ರೀ ಮತ್ತ?"

"ಫೈನಲ್ ಇಲ್ಲೋ."

"ಹಂಗಾರ ಕಪ್ ಯಾರಿಗ್ರೀ?"

ಕಡ್ಡಿ ತಗೊಂಡು ಮಣ್ಣಿನ ಮೇಲೆ ಪಾಯಿಂಟ್ ಪಟ್ಟಿ ಬರೆಯುತ್ತ ಕೂತೆ. ಗೆದ್ದರೆ ಮೂರು, ಡ್ರಾ ಆದರೆ ಒಂದು. ಅರ್ಧ ಬರೆಯುವಷ್ಟರಲ್ಲಿ ಅವರು ಅದರ ಮೇಲೇ ಓಡಿಕೊಂಡು ಚೆಂಡಿನ ಹಿಂದೆ ಹೋದರು.